ಮನೆಯ ಮಂದಿ

ನಾನು ಸೊಸೆಯಾಗಿ ನರೇಗಲ್ಲಿಗೆ ಬಂದಾಗ ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಉಳಿದವರೇ ಹೆಚ್ಚಿದ್ದರು. ಪಡಸಾಲೆಯ ಪಂಜರದಲ್ಲಿ ಗಿಳಿ, ಹಿತ್ತಲ ಕಟ್ಟಿಗೆ ರಾಶಿಯಲ್ಲಿ ಮುಂಗುಸಿ, ಮಾವನವರ ಅಂಗಿಯ ಜೇಬಿನಲ್ಲಿ ಅಳಿಲಿನ ಮರಿ, ಬಚ್ಚಲ ಪಕ್ಕ ಹಳದಿ ಗೆರೆಗಳ ಒಂದು ಆಮೆ. ತವರಿನಲ್ಲಿ ಬೆಕ್ಕು ಬಿಟ್ಟರೆ ಏನನ್ನೂ ಕಾಣದ ನಾನು ಮೊದಲ ವಾರವೆಲ್ಲ ಕಾಲು ಮೇಲೆತ್ತಿಕೊಂಡೇ ಕುಳಿತಿದ್ದೆ. "ಅಂಜಬ್ಯಾಡವಾ, ಅವೂ ಮನೀ ಮಂದೀನ" ಎಂದು ಅತ್ತೆ ನಕ್ಕಿದ್ದರು.

ಹೊಲಕ್ಕೆ ಹೋದ ಮಾವನವರು ಬರಿಗೈಯಲ್ಲಿ ಬಂದವರಲ್ಲ. ಒಮ್ಮೆ ಕಡಲೆ ಹೊಲದಿಂದ ಚಿಗರಿ ಮರಿಯೊಂದನ್ನು ಎದೆಗವಚಿಕೊಂಡು ತಂದರು. ತಾಯಿ ಬಿಟ್ಟು ಹೋಗಿದೆ, ಪಾಪ, ಎಂದು. ಆಕಳ ಹಾಲನ್ನು ಬತ್ತಿಯಲ್ಲಿ ಅದ್ದಿ ಕುಡಿಸಿದೆವು. ಮೂರನೆಯ ದಿನ ಅದು ಕಣ್ಣು ಮುಚ್ಚಿತು. ಚಿಗರಿ ತನ್ನ ಮರಿಯನ್ನು ಹುಲ್ಲಿನಲ್ಲಿ ಅಡಗಿಸಿಟ್ಟು ಮೇಯಲು ಹೋಗುತ್ತದೆ, ಹಾಲೂಡಿಸಲು ಮತ್ತೆ ಬರುತ್ತದೆ ಎಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅಂದು ಸಂಜೆ ಆ ತಾಯಿ ಎಷ್ಟು ಹೊತ್ತು ಹುಡುಕಿತೋ!

ಮಾವನವರು ತೀರಿಕೊಂಡ ಮೇಲೆ ಮುಂಗುಸಿ ತಾನಾಗಿಯೇ ಹೋಯಿತು. ಮಗಳು ಶಾಲೆಯಲ್ಲಿ ಕಲಿತು ಬಂದು, 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಇವನ್ನೆಲ್ಲ ಸಾಕುವುದು ಅಪರಾಧ ಎಂದಳು. ಕಾಯ್ದೆಗಿಂತ ನನಗೆ ನಾಟಿದ್ದು ಅವಳ ಇನ್ನೊಂದು ಮಾತು: "ನಿನ್ನ ಹಿಂಗ ಬಚ್ಚಲದಾಗ ಇಟ್ರ ನಡೀತೈತೇನವಾ?"

ಮರುದಿನವೇ ಅತ್ತೆ, ನಾನು ಆಮೆಯನ್ನು ಬುಟ್ಟಿಯಲ್ಲಿಟ್ಟುಕೊಂಡು ಹೊಲಕ್ಕೆ ಹೋದೆವು. ಅರಿಸಿನ ಕುಂಕುಮ ಹಚ್ಚಿ, ಕೈಮುಗಿದು, ಬಾವಿಗೆ ಬಿಟ್ಟೆವು. ಬಾವಿಯಲ್ಲಿ ಆಮೆ ಇದ್ದರೆ ನೀರು ತಿಳಿಯಾಗಿರುತ್ತದೆ ಎಂಬ ನಂಬಿಕೆ ಬೇರೆ. ಮರಳುವಾಗ ಎಂಥ ಹಗುರ ಮನಸ್ಸು! ಪುಣ್ಯವೆಂದರೆ ಇದೇ ಅಂದುಕೊಂಡೆ.

ಎಷ್ಟೋ ವರ್ಷಗಳ ನಂತರ ಮಗಳ ಪುಸ್ತಕವೊಂದರಲ್ಲಿ ಅದೇ ಆಮೆಯ ಚಿತ್ರ ಕಂಡೆ. ನಕ್ಷತ್ರ ಆಮೆ. ಒಣ ನೆಲದ್ದು, ಹುಲ್ಲು ಹೂವು ತಿಂದು ಬದುಕುವಂಥದು. ಅದರ ಪಾದ ಆನೆಯ ಪಾದದ ಹಾಗೆ. ಬೆರಳ ನಡುವೆ ಈಜಲು ಬೇಕಾದ ತೊಗಲಿಲ್ಲ. ಆಳ ನೀರಿಗೆ ಬಿದ್ದರೆ ಅದು ಮುಳುಗುತ್ತದೆ. ಅಂದು ಕೆಳಗೆ ಎದ್ದ ನಾಲ್ಕು ಗುಳ್ಳೆಗಳನ್ನು ನೋಡಿ ನಾವು ನಕ್ಕಿದ್ದು ನೆನಪಾಯಿತು. ಇಂದು ಇಂಥ ಆಮೆಯನ್ನು ಮಾರದಂತೆ ದೇಶದೇಶಗಳು 2019ರಲ್ಲಿ ಕೂಡಿ ನಿರ್ಬಂಧ ಹಾಕಿವೆ. ನಾವು ಮಾರಲಿಲ್ಲ, ಕೊಲ್ಲಬೇಕೆಂದೂ ಇರಲಿಲ್ಲ. ಪ್ರೀತಿ ಇತ್ತು, ಪಾಪಭೀತಿಯೂ ಇತ್ತು. ಅದು ಏನು ತಿನ್ನುತ್ತದೆಂದು ವರ್ಷಗಟ್ಟಲೆ ಕಂಡಿದ್ದೆ. ಎಲ್ಲಿ ಬದುಕುತ್ತದೆಂದು ಒಬ್ಬರನ್ನಾದರೂ ಕೇಳಿದ್ದೆನೆ? ಬಿಡುಗಡೆ ನನ್ನ ಮನಸ್ಸಿಗೆ ಬೇಕಾಗಿತ್ತು, ಅದರ ಜೀವಕ್ಕಲ್ಲ. ಅಜ್ಞಾನಕ್ಕೆ ಕ್ಷಮೆ ಇದೆ ಎನ್ನುತ್ತಾರೆ. ಕ್ಷಮಿಸಬೇಕಾದದ್ದು ಬಾವಿಯ ತಳದಲ್ಲಿರುವಾಗ ಆ ಮಾತನ್ನು ನನಗೆ ನಾನೇ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಗಿಳಿಯ ವಿಷಯದಲ್ಲಿ ಈ ಅವಸರ ಮಾಡಲಿಲ್ಲ. ರೆಕ್ಕೆ ಸೋತಿದ್ದ ಅದನ್ನು ಹಾರಿಬಿಡದೆ, ಅರಣ್ಯ ಇಲಾಖೆಯವರನ್ನು ಕರೆಸಿ ಒಪ್ಪಿಸಿದೆ. ಅತ್ತೆ ಎರಡು ದಿನ ಉಣ್ಣಲಿಲ್ಲ.

ಈಗ ಅವರಿಗೆ ಕಣ್ಣು ಮಂಜಾಗಿದೆ. ಆದರೂ ಹೊಲಕ್ಕೆ ಹೋದಾಗಲೆಲ್ಲ ಬಾವಿಯ ಕಟ್ಟೆ ಹಿಡಿದು ಬಗ್ಗುತ್ತಾರೆ. "ನಮ್ಮ ಆಮಿ ಕಾಣತೈತೇನವಾ?"

"ಕಾಣತೈತ್ರಿ ಅತ್ತಿ, ಆ ಮೂಲ್ಯಾಗ ಐತಿ" ಎನ್ನುತ್ತೇನೆ.