ದೈವಕರೆಯೂ ವಿಶೇಷ ಶಿಕ್ಷಣವೂ
ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನೊಬ್ಬನನ್ನು ಕಂಡ ಶಿಷ್ಯರು, ಆ ಸ್ಥಿತಿಗೆ ಅವನ ಪಾಪ ಕಾರಣವೋ ಹೆತ್ತವರ ಪಾಪವೋ ಎಂದು ಕೇಳಿದಾಗ ಯೇಸು ಎರಡನ್ನೂ ನಿರಾಕರಿಸುತ್ತಾನೆ; ವಿಶೇಷ ಶಿಕ್ಷಣವನ್ನು, ಅಂದರೆ ಅಂಗವೈಕಲ್ಯ ಅಥವಾ ಕಲಿಕೆಯ ತೊಡಕುಳ್ಳ ಮಕ್ಕಳಿಗೆ ಅವರವರ ಅಗತ್ಯಕ್ಕೆ ತಕ್ಕಂತೆ ಕಲಿಸುವ ಕಾರ್ಯವನ್ನು, ದೈವಕರೆಯೆಂದು ಭಾವಿಸಿ ಆರಿಸಿಕೊಳ್ಳುವ ಕ್ರೈಸ್ತರಿಗೆ ಈ ನಿರಾಕರಣೆಯೇ ಮೊದಲ ಪಾಠ. ಆದರೆ ಆ ಪ್ರಸಂಗದಲ್ಲಿ ಕುರುಡನಿಗೆ ದೃಷ್ಟಿ ಬರುವುದರಿಂದ, ಗುಣವಾಗದ ಮಗುವಿನ ಘನತೆ ಯಾವುದರ ಮೇಲೆ ನಿಂತಿದೆ ಎಂಬ ಕಠಿಣ ಪ್ರಶ್ನೆ ಉಳಿದೇ ಇರುತ್ತದೆ.

ದೇವರು ಮನುಷ್ಯನನ್ನು ತನ್ನ ಸ್ವರೂಪದಲ್ಲಿ ಸೃಷ್ಟಿಸಿದನೆಂಬ ಆದಿಕಾಂಡದ ಬೋಧನೆಯನ್ನು ಹಲವು ದೇವತಾಶಾಸ್ತ್ರಜ್ಞರು ವಿವೇಚನಾಶಕ್ತಿಯೊಂದಿಗೆ ಸಮೀಕರಿಸಿದ್ದಾರೆ. ಹಾಗೆ ಅರ್ಥೈಸಿದರೆ ತೀವ್ರ ಬೌದ್ಧಿಕ ವೈಕಲ್ಯವುಳ್ಳ ಮಗು ಆ ಸ್ವರೂಪದಿಂದ ಹೊರಗುಳಿಯುವುದರಿಂದ, ಈ ವ್ಯಾಖ್ಯಾನ ಒಪ್ಪತಕ್ಕದ್ದಲ್ಲ. ಹಾರ್ವರ್ಡ್‌ನ ಬೋಧನೆಯನ್ನು ತೊರೆದು 1986ರಲ್ಲಿ ಕೆನಡಾದ ಟೊರಾಂಟೊ ಬಳಿ ಬೌದ್ಧಿಕ ವೈಕಲ್ಯವುಳ್ಳವರೂ ಇಲ್ಲದವರೂ ಒಟ್ಟಾಗಿ ಬಾಳುವ ಡೇಬ್ರೇಕ್ ಸಮುದಾಯವನ್ನು ಸೇರಿದ ಡಚ್ ಪಾದ್ರಿ ಹೆನ್ರಿ ನೌವೆನ್, ಮಾತನಾಡಲಾರದ ಆಡಂ ಎಂಬ ಯುವಕನ ಆರೈಕೆ ಮಾಡುತ್ತ, ಅವನನ್ನೇ ತಮ್ಮ ಗುರುವೆಂದು ಕಂಡರು. ಕಲಿಸುವವರೇ ಕಲಿಯುವವರಾಗುವ ಈ ಮನೋಭಾವ ಕರುಣೆಗಿಂತ ಆಳವಾದದ್ದು.

ಆದರೂ ಶ್ರದ್ಧೆಯು ತರಬೇತಿಗೆ ಬದಲಿಯಲ್ಲ: ಭಾರತದಲ್ಲಿ 1992ರ ಕಾಯಿದೆಯಂತೆ ವಿಶೇಷ ಶಿಕ್ಷಕರು ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆಯುಳ್ಳ ಅರ್ಹತೆ ಪಡೆದು, ಅಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು.