ರಾಜಿಯಲ್ಲಿ ನ್ಯಾಯವೆಷ್ಟು?

ಜಗಳೂರು ಎಂಬ ಹೆಸರು ಕೇಳಿದೊಡನೆ ಹೊರಗಿನವರು ನಗುತ್ತಾರೆ. ಅಲ್ಲಿ ಬರೀ ಜಗಳವೇ ಇರಬೇಕೆಂಬುದು ಅವರ ಊಹೆ. ನಾನು ಕಂಡ ಮಟ್ಟಿಗೆ ಆ ಬರದ ಸೀಮೆಯ ಜನಕ್ಕೆ ಜಗಳಕ್ಕೆ ಪುರುಸೊತ್ತೇ ಇಲ್ಲ. ಮಳೆಯ ದಾರಿ ಕಾಯುವುದರಲ್ಲೇ ಅವರ ವರ್ಷ ಮುಗಿಯುತ್ತದೆ. ವ್ಯವಹಾರದ ಜಗಳ ನೋಡಬೇಕೆಂದರೆ ದುಡ್ಡು ಓಡಾಡುವ ಕಡೆ ಹೋಗಬೇಕು. ಚನ್ನಗಿರಿಯ ಅಡಿಕೆ ತೋಟಗಳಿಗೆ, ಹೊನ್ನಾಳಿ ನ್ಯಾಮತಿ ಕಡೆಯ ಭತ್ತ, ಮೆಕ್ಕೆಜೋಳದ ಮಂಡಿಗಳಿಗೆ ಹೋಗಬೇಕು.

1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು 2018ರಲ್ಲಿ. ಕಚೇರಿಗಳು ಬದಲಾದವು, ಬೋರ್ಡುಗಳು ಬದಲಾದವು. ಜಗಳ ತೀರಿಸುವ ರೀತಿ ಮಾತ್ರ ಬದಲಾಗಲಿಲ್ಲ. ಯಾರಾದರೂ ಹಿರಿಯರು ನಡುವೆ ಕೂತು “ನೀನಿಷ್ಟು ಬಿಡು, ನೀನಿಷ್ಟು ಬಿಡು” ಎನ್ನುವುದು. ಆಮೇಲೆ ಎಲ್ಲರೂ ಚಹಾ ಕುಡಿಯುವುದು. ಮಂಡಿಗಳಲ್ಲಿ ಲೆಕ್ಕ ಬರೆದು ಹೊಟ್ಟೆ ಹೊರೆದ ನಾನು ಇಂಥ ಚಹಾ ಬೇಕಾದಷ್ಟು ಕುಡಿದಿದ್ದೇನೆ. ಆದರೆ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಈ ರಾಜಿಯಲ್ಲಿ ನ್ಯಾಯವೆಷ್ಟು?

ಅಡಿಕೆಯ ಖೇಣಿಯನ್ನೇ ನೋಡಿ. ಕೆಲವು ಕಡೆ ಇದಕ್ಕೆ ಚೇಣಿ ಎನ್ನುತ್ತಾರೆ. ಮರದ ಮೇಲಿನ ಫಸಲನ್ನು ತೋಟದವನು ಖೇಣಿದಾರನಿಗೆ ವಹಿಸುತ್ತಾನೆ. ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು ಎಲ್ಲ ಖೇಣಿದಾರನ ಪಾಲು. ಒಂದು ಕ್ವಿಂಟಾಲ್ ಹಸಿ ಅಡಿಕೆಗೆ ಇಷ್ಟು ಕಿಲೋ ಒಣ ಅಡಿಕೆ ಎಂದು ಮಾತಾಗುವುದುಂಟು, ಇಡೀ ತೋಟಕ್ಕೆ ಇಷ್ಟು ಎಂದು ಗುತ್ತಿಗೆಯಾಗುವುದೂ ಉಂಟು. ಮುಂಗಡ ಕೈಬದಲಾಗುವ ಹೊತ್ತಿಗೆ ಫಸಲು ಎಷ್ಟು ಬರುತ್ತದೋ, ಮಾರುಕಟ್ಟೆ ಎಲ್ಲಿಗೆ ಹೋಗುತ್ತದೋ ಬಲ್ಲವರಾರು? ಬೆಲೆ ಏರಿದರೆ ತೋಟದವನಿಗೆ ತಾನು ಮೋಸಹೋದೆ ಎನಿಸುತ್ತದೆ. ಇಳಿದರೆ ಖೇಣಿದಾರ ತೋಟದ ಕಡೆ ತಲೆಹಾಕುವುದಿಲ್ಲ. ಕಾಗದಪತ್ರ ಅನೇಕ ವೇಳೆ ಇರುವುದೇ ಇಲ್ಲ. ಸಾಕ್ಷಿಯೆಂದರೆ ಮಾತಾಡುವಾಗ ಜೊತೆಗಿದ್ದ ನಾಲ್ಕು ಜನ.

ಇಂಥದ್ದನ್ನು ಕೋರ್ಟಿಗೆ ಒಯ್ದರೆ ಏನಾಗುತ್ತದೆಂಬುದು ಹಳ್ಳಿಯವರಿಗೆ ಗೊತ್ತು. ಗೆದ್ದವನು ಸೋತ, ಸೋತವನು ಸತ್ತ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಜೊತೆಗೆ ಮುಂದಿನ ವರ್ಷವೂ ತೋಟಕ್ಕೆ ಖೇಣಿದಾರ ಬೇಕು, ಖೇಣಿದಾರನಿಗೆ ತೋಟ ಬೇಕು. ಕೋರ್ಟು ಹಿಂದೆ ಆದದ್ದನ್ನು ನೋಡಿ ತೀರ್ಪು ಕೊಡುತ್ತದೆ, ರಾಜಿ ಮುಂದಿನ ಸುಗ್ಗಿಯನ್ನೂ ನೋಡುತ್ತದೆ. ಇದು ರಾಜಿಯ ದೊಡ್ಡ ಗುಣ. ಒಪ್ಪೋಣ.

ಆದರೆ ಅರ್ಧಕ್ಕರ್ಧ ಮಾಡುವ ನಮ್ಮ ಅಭ್ಯಾಸದಲ್ಲಿ ಒಂದು ಕೇಡಿದೆ. ಹಮಾಲನೊಬ್ಬನಿಗೆ ನಿಜವಾಗಿ ಬರಬೇಕಾದ್ದು 6,000 ರೂಪಾಯಿ ಎಂದಿಟ್ಟುಕೊಳ್ಳಿ. ಸಾಹುಕಾರ 2,000 ಎನ್ನುತ್ತಾನೆ. ಹಿರಿಯರು 4,000ಕ್ಕೆ ಮುಗಿಸುತ್ತಾರೆ. ಸುಳ್ಳಿಗೆ 2,000 ಬಹುಮಾನ, ನಿಜಕ್ಕೆ 2,000 ದಂಡ! ಮುಂದಿನ ಸಲ ಹಮಾಲನೂ ಬುದ್ಧಿ ಕಲಿತು 10,000 ಎಂದೇ ಶುರುಮಾಡುತ್ತಾನೆ. ಆಗ ಅರ್ಧ ಮಾಡಿದರೆ ಸರಿಯಾಗಿ 6,000 ಬರುತ್ತದೆ. ನಿಜವನ್ನು ಪಡೆಯಲು ಸುಳ್ಳು ಹೇಳಲೇಬೇಕಾದ ಕಟ್ಟೆಯನ್ನು ನ್ಯಾಯದ ಕಟ್ಟೆ ಎನ್ನುವುದು ಹೇಗೆ?

ಈ ತೊಡಕಿಗೆ ನಮ್ಮ ಸೀಮೆಯಲ್ಲೇ ಒಂದು ಉತ್ತರವಿದೆ. ಚಿತ್ರದುರ್ಗ ತಾಲ್ಲೂಕಿನ ಸಿರಿಗೆರೆಯ ತರಳಬಾಳು ಬೃಹನ್ಮಠದಲ್ಲಿ ಸೋಮವಾರಗಳಂದು ನಡೆದುಬಂದಿರುವ ಸದ್ಧರ್ಮ ನ್ಯಾಯಪೀಠದ ಹೆಸರು ಕೇಳದವರು ಈ ಕಡೆ ಇಲ್ಲ. ಆಸ್ತಿ, ಸಾಲ, ಸಂಸಾರದ ವ್ಯಾಜ್ಯಗಳನ್ನು ಹೊತ್ತು ಜನ ಅಲ್ಲಿಗೆ ಹೋಗುತ್ತಾರೆ. ಅಲ್ಲಿ ಕೆಲಸ ಮಾಡುವುದು ಕಾನೂನಿನ ಬಲಕ್ಕಿಂತ ಹೆಚ್ಚಾಗಿ ಭಕ್ತಿ. ಕೋರ್ಟಿನ ಕಟಕಟೆಯಲ್ಲಿ ನಿಂತು ಸರಾಗವಾಗಿ ಸುಳ್ಳು ಹೇಳುವವನಿಗೂ ಗುರುವಿನ ಮುಂದೆ ನಾಲಿಗೆ ತಡವರಿಸುತ್ತದೆ. ಸುಳ್ಳು ಕಡಿಮೆಯಾದರೆ ಅರ್ಧ ಮಾಡುವ ಕೇಡೂ ಅಷ್ಟು ಕಡಿಮೆಯಾಯಿತು. ಹಾಗಿದ್ದರೂ ನನಗೊಂದು ಸಂಶಯ ಉಳಿಯುತ್ತದೆ. ಗೌರವಕ್ಕೆ ಕಟ್ಟುಬಿದ್ದು “ಆಗಲಿ ಬುದ್ಧಿ” ಎಂದವನು ಮನಸ್ಸಿನಲ್ಲಿ ಒಪ್ಪಿದನೋ, ತಲೆಯನ್ನಷ್ಟೇ ಬಾಗಿಸಿದನೋ? ದೊಡ್ಡವರ ಎದುರು ಬಡವನ ಒಪ್ಪಿಗೆಯನ್ನು ಅಳೆಯುವುದು ಕಷ್ಟ.

ಸರ್ಕಾರವೂ ಕೈಕಟ್ಟಿ ಕೂತಿಲ್ಲ. 1987ರ ಕಾನೂನು ಸೇವೆಗಳ ಕಾಯ್ದೆಯಿಂದ ಲೋಕ ಅದಾಲತ್‌ಗೆ ಬಲ ಬಂತು. ಅಲ್ಲಿ ರಾಜಿಯಾದರೆ ಅದೇ ಅಂತಿಮ, ಮೇಲ್ಮನವಿ ಇಲ್ಲ, ಕಟ್ಟಿದ ಕೋರ್ಟ್ ಶುಲ್ಕವೂ ವಾಪಸ್ಸು. 2007ರಲ್ಲಿ ಬೆಂಗಳೂರಿನಲ್ಲಿ ಮಧ್ಯಸ್ಥಿಕೆ ಕೇಂದ್ರವಾಯಿತು, 2023ರಲ್ಲಿ ಮಧ್ಯಸ್ಥಿಕೆಗೆಂದೇ ಸಂಸತ್ತು ಕಾಯ್ದೆ ಮಾಡಿತು. ಈ ಹೊಸ ರೀತಿಯಲ್ಲಿ ಮಧ್ಯಸ್ಥ ತೀರ್ಪು ಕೊಡುವವನಲ್ಲ, ಮಾತಾಡಿಸುವವನು. ಒಪ್ಪಿಗೆಯಾಗದಿದ್ದರೆ ಎದ್ದುಹೋಗುವ ಹಕ್ಕು ಇಬ್ಬರಿಗೂ ಇದೆ. ಓದಲು ಚೆನ್ನಾಗಿದೆ. ಆದರೆ ಎದ್ದು ಎಲ್ಲಿಗೆ ಹೋಗುವುದು? ಸಾಹುಕಾರ ಎದ್ದರೆ ಮನೆಗೆ ಹೋಗಿ ಊಟ ಮಾಡುತ್ತಾನೆ. ಹಮಾಲ ಎದ್ದರೆ ಅಂದು ಸಂಜೆ ಅವನ ಮನೆಯಲ್ಲಿ ಒಲೆ ಹೊತ್ತುವುದು ಅನುಮಾನ. ಮಾತುಕತೆಯಲ್ಲಿ ಗೆಲ್ಲುವವನು ಜಾಣನೂ ಅಲ್ಲ, ಸತ್ಯವಂತನೂ ಅಲ್ಲ; ಕಾಯಬಲ್ಲವನು. ಆದ್ದರಿಂದ ಮಧ್ಯಸ್ಥನಾದವನು “ನಿನಗೆ ಎಷ್ಟು ಬೇಕು” ಎಂದು ಕೇಳುವ ಮೊದಲು “ನೀನು ಎಷ್ಟು ದಿನ ಕಾಯಬಲ್ಲೆ” ಎಂದು ಕೇಳಬೇಕೆಂಬುದು ನನ್ನ ಅಭಿಪ್ರಾಯ.

ಇದನ್ನು ನನಗೆ ಯಾವ ಪುಸ್ತಕವೂ ಕಲಿಸಲಿಲ್ಲ. ಹೊನ್ನಾಳಿ ಕಡೆಯ ಒಂದು ಮಂಡಿಯಲ್ಲಿ ಹಮಾಲರು ಚೀಲಕ್ಕೆ ಎರಡು ರೂಪಾಯಿ ಹೆಚ್ಚಿಗೆ ಕೇಳಿ ಕೆಲಸ ನಿಲ್ಲಿಸಿದ್ದರು. ಮೆಕ್ಕೆಜೋಳದ ಸುಗ್ಗಿ. ಲಾರಿಗಳು ಸಾಲಾಗಿ ನಿಂತಿದ್ದವು, ಆಕಾಶದಲ್ಲಿ ಮೋಡ ಬೇರೆ. ಸುಗ್ಗಿಯಲ್ಲದೆ ಬೇರೆ ಕಾಲದಲ್ಲಿ ತಮ್ಮ ಮಾತಿಗೆ ಬೆಲೆಯಿಲ್ಲವೆಂದು ಮೇಸ್ತ್ರಿಗೆ ಗೊತ್ತಿತ್ತು. ಹಿಂದಿನ ವಾರದ ಬಟವಾಡೆ ತಡೆಹಿಡಿದರೆ ಅವನ ಜನ ಮೂರು ದಿನಕ್ಕೆ ಬಗ್ಗುತ್ತಾರೆಂದು ಮಾಲೀಕರಿಗೂ ಗೊತ್ತಿತ್ತು. ನಡುವೆ ಕೂತವರು ಒಬ್ಬ ವಯಸ್ಸಾದ ದಲಾಲರು. ಅವರು ದರದ ಮಾತನ್ನೇ ಎತ್ತಲಿಲ್ಲ.

“ಸಾವ್ಕಾರ್ರೆ, ಹೋದ ವಾರದ್ದು ಎಷ್ಟು ಚೀಲ ಅನ್ನೋದರಲ್ಲಿ ತಕರಾರು ಐತೇನು?” ಎಂದರು.

“ಅದರಲ್ಲಿ ಏನೂ ಇಲ್ಲ, ಲೆಕ್ಕ ಸರಿಯಾಗೈತಿ.”

“ಹಂಗಾದ್ರೆ ಅದನ್ನು ಈಗಲೇ ಕೊಟ್ಟುಬಿಡ್ರಿ. ಜಗಳ ಇಲ್ಲದ ದುಡ್ಡು ಮೊದಲು ಹೋಗ್ಲಿ. ಜಗಳ ಇರೋದ್ರ ಮಾತು ಆಮೇಲೆ ಆಡೋಣ.”

ಮಾಲೀಕರ ಮುಖ ಕಪ್ಪಿಟ್ಟಿತು. ಆದರೂ ಇಲ್ಲವೆನ್ನಲು ಬಾಯಿ ಬರಲಿಲ್ಲ. ನಾನೇ ಎಣಿಸಿ ಕೊಟ್ಟೆ. ಆಮೇಲೆ ದಲಾಲರು ಹಮಾಲರ ಕಡೆ ತಿರುಗಿ, “ಏನಪ್ಪಾ ಮೇಸ್ತ್ರಿ, ನೀವೂ ಅಷ್ಟೇ. ಮಳೆಗೆ ಸಿಕ್ಕಿ ಹಾಳಾಗೋ ಮಾಲನ್ನು ಒಳಗೆ ಹಾಕಿಕೊಡಿ. ರೈತರ ಅನ್ನ ಅದು, ಸಾವ್ಕಾರ್ರದ್ದಲ್ಲ” ಎಂದರು. ಅವರೂ ಎದ್ದರು. ಒಬ್ಬರ ಕೈಲಿದ್ದ ಹಸಿವಿನ ಬೆದರಿಕೆ, ಇನ್ನೊಬ್ಬರ ಕೈಲಿದ್ದ ಮಳೆಯ ಬೆದರಿಕೆ, ಎರಡನ್ನೂ ಆ ಮನುಷ್ಯ ಅರ್ಧ ಗಂಟೆಯಲ್ಲಿ ಕಸಿದುಕೊಂಡಿದ್ದರು. ಉಳಿದದ್ದು ದರದ ಪ್ರಶ್ನೆಯೊಂದೇ. ಅದಕ್ಕೆ ಮತ್ತೆರಡು ದಿನ ಹಿಡಿಯಿತು. ಸುತ್ತಲಿನ ಮಂಡಿಗಳ ದರ ವಿಚಾರಿಸಿ ಬಂದು, ಕೂಗಾಡಿ, ಕೊನೆಗೆ ಒಂದೂಕಾಲು ರೂಪಾಯಿಗೆ ನಿಂತಿತು.

ಒಪ್ಪಂದವನ್ನು ಬಿಲ್ಲಿನ ಹಿಂಬದಿಯಲ್ಲಿ ಬರೆದವನು ನಾನು. ಮೇಸ್ತ್ರಿಗೆ ಓದು ಬರುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತುವ ಮೊದಲು ಶಾಲೆಯಿಂದ ಬರುತ್ತಿದ್ದ ಮಗಳನ್ನು ಕರೆದು ಓದಿಸಿದ. ಅವಳು ಎರಡು ಸಲ ಗಟ್ಟಿಯಾಗಿ ಓದಿ, “ಅಪ್ಪಾ, ಇದು ಎಷ್ಟು ದಿನದ ದರ ಅಂತ ಮಾತಾಡಿಕೊಂಡಿದ್ದೀರಿ?” ಎಂದಳು. ಅದನ್ನು ಯಾರೂ ಮಾತಾಡಿರಲಿಲ್ಲ. ದಲಾಲರು ಮಾಲೀಕರ ಮುಖ ನೋಡಿದರು. ಮಾಲೀಕರು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು “ಮುಂದಿನ ಸುಗ್ಗಿಯ ತನಕ ಇದಕ್ಕಿಂತ ಕಡಿಮೆ ಇಲ್ಲ” ಎಂದು ತಾವೇ ಬರೆದರು. ಹುಡುಗಿ ಅದನ್ನೂ ಓದಿ ನೋಡಿ ಕಾಗದವನ್ನು ಅಪ್ಪನ ಕೈಗೆ ಕೊಟ್ಟಳು.