ಲೆಕ್ಕಕ್ಕೆ ಬಾರದ ಮದ್ದು

1799ನೆಯ ಇಸವಿ ಮೇ 2ನೆಯ ದಿನ, ಶ್ರೀರಂಗಪಟ್ಟಣದ ಕೋಟೆಯೊಳಗೆ ಯುದ್ಧದ ಬಾಣಗಳನ್ನು ಕೂಡಿಟ್ಟಿದ್ದ ಮದ್ದಿನ ಮನೆಯೊಂದಕ್ಕೆ ಮುತ್ತಿಗೆಯವರ ಗುಂಡು ತಗುಲಿ, ಅದು ಮಹಾಧ್ವನಿಯೊಡನೆ ಸಿಡಿದುಹೋಯಿತು. ಎರಡು ದಿನಗಳ ತರುವಾಯ ಕೋಟೆಯೂ ಬಿದ್ದಿತು. ಶತ್ರುವಿನ ಮೇಲೆ ಬಿಡಲೆಂದು ಸಂಗ್ರಹಿಸಿದ್ದ ವಸ್ತು ಸಂಗ್ರಹಿಸಿದವರ ನಡುವೆಯೇ ಸಿಡಿಯಿತು. ಮದ್ದಿಗೆ ಒಡೆಯನ ಗುರುತಿಲ್ಲ. ತನ್ನ ತೂಕವೆಷ್ಟು, ತನ್ನ ಬಳಿಯಲ್ಲಿರುವುದು ಯಾವುದು, ಈ ಎರಡರ ಮೇಲೆಯೇ ಅದರ ವ್ಯಾಪಾರವೆಲ್ಲ.

ಇಂತಹ ಪದಾರ್ಥಗಳು ಕಟ್ಟುಮೀರಿ ಹೊರಬಿದ್ದಾಗ ಆಗುವ ಹಾನಿಯನ್ನು ಮುಂದಾಗಿಯೇ ಎಣಿಸುವುದು ಈಗ ಒಂದು ಶಾಸ್ತ್ರವಾಗಿ ಬೆಳೆದಿದೆ. ವಿಷವಾಯುವಾದರೆ ಅದರ ಮೊತ್ತವನ್ನೂ ಗಾಳಿಯ ದಿಕ್ಕು ವೇಗಗಳನ್ನೂ ಕೂಡಿಸಿ, ಯಾವ ಗ್ರಾಮವನ್ನು ಎಷ್ಟು ಹೊತ್ತಿಗೆ ಮುಟ್ಟೀತೆಂದು ಹೇಳಬಹುದು. ಕಲ್ಲು ಸಿಡಿಸುವ ಮದ್ದಾದರೆ, ಏಕಕಾಲದಲ್ಲಿ ಸಿಡಿಯುವ ಮೊತ್ತ ನಾಲ್ಮಡಿಯಾದಾಗ ಅದೇ ಕಂಪನ ಇಮ್ಮಡಿ ದೂರಕ್ಕೆ ಹರಿಯುತ್ತದೆಂಬುದು ಗಣಿಶಾಸ್ತ್ರಜ್ಞರು ಬಳಸುವ ಸ್ಥೂಲಸೂತ್ರ. ಆದರೆ ಈ ಗಣನೆಗಳೆಲ್ಲಕ್ಕೂ ತಳಹದಿ ಮೊದಲನೆಯ ಅಂಕಿ: ಪದಾರ್ಥವೆಷ್ಟು ಎಂಬುದು. ಅದನ್ನು ಬಲ್ಲ ಮನುಷ್ಯನು ಬಾಯಿಬಿಟ್ಟು ನುಡಿಯಬೇಕು. ಶಾಸ್ತ್ರದ ಪ್ರಶ್ನೆ ಧರ್ಮದ ಪ್ರಶ್ನೆಯಾಗಿ ತಿರುಗುವುದು ಇಲ್ಲಿಯೇ.

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಸುಮಾರು 40 ಟನ್ನು ಮಿಥೈಲ್ ಐಸೋಸಯನೇಟು ಹೊರಬಿದ್ದಿತು. ಆಸ್ಪತ್ರೆಗೆ ಬಂದ ಸಾವಿರಾರು ಜನರನ್ನು ಕಂಡ ವೈದ್ಯರಿಗೆ ಅದು ಎಂತಹ ವಿಷವೆಂದೇ ಸರಿಯಾಗಿ ತಿಳಿದಿರಲಿಲ್ಲ. ಒದ್ದೆ ಬಟ್ಟೆಯನ್ನು ಮುಖಕ್ಕೆ ಹಿಡಿದು ಗಾಳಿಗೆ ಅಡ್ಡಲಾಗಿ ಸರಿಯಿರೆಂಬ ಒಂದು ಮಾತು ಸಕಾಲದಲ್ಲಿ ಹೊರಟಿದ್ದರೆ ಎಷ್ಟೋ ಪ್ರಾಣಗಳು ಉಳಿಯುತ್ತಿದ್ದುವು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹತ್ತಿರದ ಹುಣಸೋಡಿನಲ್ಲಿ ಕ್ವಾರಿಯ ಮದ್ದು ಸಿಡಿದಾಗ, ನೆರೆಯ ಜಿಲ್ಲೆಗಳ ಜನರು ಕೂಡ ಭೂಕಂಪವಾಯಿತೆಂದೇ ಭಾವಿಸಿ ಮನೆಗಳಿಂದ ಹೊರಗೋಡಿದರು. ಅಷ್ಟು ಮದ್ದು ಅಲ್ಲಿದೆಯೆಂಬುದು ಅವರ ಕಲ್ಪನೆಗೂ ಬಂದಿರಲಿಲ್ಲ. ಮರುತಿಂಗಳು ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ, ತನಿಖೆಗೆ ಅಂಜಿ ಬಚ್ಚಿಟ್ಟಿದ್ದ ಜಿಲೆಟಿನ್ ಕಡ್ಡಿಗಳನ್ನು ವಿಲೇವಾರಿ ಮಾಡಹೋದಾಗ ಅವು ಸಿಡಿದು ಆರು ಮಂದಿ ಮಡಿದರು. ಬಚ್ಚಿಡುವಿಕೆಯೇ ಅಲ್ಲಿ ಕೊಂದಿತೆನ್ನಬೇಕು. ಸತ್ತವರಲ್ಲಿ ಕೂಲಿಗೆ ದುಡಿಯುವವರೂ ಇದ್ದರೆಂಬುದನ್ನು ಮರೆಯಲಾಗದು.

ಪಾಂಡವಪುರ ಸೀಮೆಯ ವಿವಾದವನ್ನು ಈ ಬೆಳಕಿನಲ್ಲಿ ನೋಡುವುದು ಯುಕ್ತ. ಬೇಬಿ ಬೆಟ್ಟದ ಕಲ್ಲುಗಣಿಗಳಿಗೆ ಕೆಲವೇ ಮೈಲಿಗಳ ದೂರದಲ್ಲಿ, 1911ರಲ್ಲಿ ಆರಂಭಿಸಿ ಸುಣ್ಣ ಸುರ್ಕಿಗಳ ಗಾರೆಯಿಂದ ಕಟ್ಟಿದ ಕನ್ನಂಬಾಡಿಯ ಅಣೆಕಟ್ಟೆಯಿದೆ. ಅದರ ಹಿನ್ನೀರು ಕೃಷ್ಣರಾಜಪೇಟೆಯ ಕಡೆಗೆ ಚಾಚಿದೆ. ಅದರ ಕೆಳಗೆ ಶ್ರೀರಂಗಪಟ್ಟಣದ ದ್ವೀಪವೂ ಗದ್ದೆಗಳೂ ಇವೆ. 2018ರ ಸೆಪ್ಟೆಂಬರಿನಲ್ಲಿ ಆ ಪ್ರಾಂತದಲ್ಲಿ ಭಾರಿ ಶಬ್ದ ಕೇಳಿಬಂದಾಗ, ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಅದು ಗಣಿಯ ಸ್ಫೋಟವಿರಬಹುದೆಂದು ಅಭಿಪ್ರಾಯಪಟ್ಟಿತು. ಮುಂದೆ, ಮದ್ದು ಸಿಡಿಸಿಯೇ ಕಂಪನವನ್ನು ಅಳೆಯೋಣವೆಂದು ತಜ್ಞರು ಬಂದರು, ರೈತರು ಅಡ್ಡನಿಂತರು. 2024ರ ಜನವರಿಯಲ್ಲಿ ಉಚ್ಚ ನ್ಯಾಯಾಲಯವು, ಸುರಕ್ಷತೆಯ ಅಧ್ಯಯನ ಮುಗಿಯುವ ತನಕ ಅಣೆಕಟ್ಟೆಯ ಸುತ್ತಣ 20 ಕಿಲೋಮೀಟರುಗಳೊಳಗೆ ಗಣಿಗಾರಿಕೆ ಕೂಡದೆಂದು ವಿಧಿಸಿತು.

ಕಲ್ಲು ಬೇಡವೆನ್ನುವಂತಿಲ್ಲ, ಅಣೆಕಟ್ಟೆಯೂ ಕಲ್ಲಿನದೇ. ಕ್ವಾರಿಯ ಕೂಲಿಯನ್ನೇ ನಂಬಿದ ಸಂಸಾರಗಳಿಗೆ ನಿಷೇಧವೆಂದರೆ ಹಸಿವು. ರೈತರ ಅಡ್ಡಿಯನ್ನು ವಿಜ್ಞಾನದ್ವೇಷವೆಂದು ಹಳಿಯುವುದು ಸುಲಭ. ಆದರೆ ಪರೀಕ್ಷೆಗಾಗಿ ತೂಗಿ ತುಂಬಿದ ಮದ್ದಿನ ಕಂಪನವನ್ನು ಅಳೆದರೆ ಆ ಮದ್ದಿನ ಫಲ ತಿಳಿದೀತೇ ಹೊರತು, ಯಾರೂ ತೂಗದೆ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಸುವ ಮದ್ದಿನ ಫಲ ತಿಳಿಯುವುದೆಂತು? ಪರೀಕ್ಷೆ ನಿರಪಾಯವೆಂದು ತೋರಿಸಿದ ಮಾತ್ರಕ್ಕೆ ನಿತ್ಯದ ಆಚರಣೆಯೂ ನಿರಪಾಯವೆಂದು ತೀರ್ಮಾನಿಸುವುದು ತರ್ಕವಲ್ಲ. ತಪ್ಪೆಣಿಕೆಯಾದರೆ ಅದರ ಫಲವನ್ನುಣ್ಣಬೇಕಾದವರು ಕೆಳಗಣ ಊರುಗಳವರು. ಎಣಿಕೆಯ ಕಾಗದವೋ ಅವರ ಕಣ್ಣಿಗೆ ಬೀಳದು.

ಯಾವ ಕ್ವಾರಿಗೆ ಎಂದು ಎಷ್ಟು ಮದ್ದು ಬಂದಿತು, ಎಷ್ಟು ಸಿಡಿಯಿತು, ಎಷ್ಟು ಉಳಿದಿದೆ, ಎಂಬಿಷ್ಟನ್ನು ಆಯಾ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ದಿನದಿನವೂ ಕನ್ನಡದಲ್ಲಿ ಬರೆಯಿಸುವುದಕ್ಕೆ ಒಂದು ಹಲಗೆ, ಒಂದು ತುಂಡು ಸೀಮೆಸುಣ್ಣ ಸಾಕು.